ಸಾವಿರದ ನೂರ ನಲವತ್ತು

ನಾನು ಒಂದು ಅಂಕಿ. ಅಂತರ್ಜಾಲದಲ್ಲಿರುವ ಒಂದು ಸಂಶೋಧನಾ ಪ್ರಬಂಧದ ಶೀರ್ಷಿಕೆಯ ಪಕ್ಕ, ಬಣ್ಣದ ಬಳೆಯೊಂದರ ನಡುವೆ ನನ್ನ ಜಾಗ. ಹುಟ್ಟಿದಾಗ ಸೊನ್ನೆಯಾಗಿದ್ದೆ. ನನ್ನನ್ನು ಹೆತ್ತದ್ದು ಒಂದು ಯಂತ್ರ. ಪ್ರಬಂಧದ ಲಿಂಕನ್ನು ಯಾರಾದರೂ ಹಂಚಿಕೊಂಡರೆ ಅದು ನನಗೆ ಒಂದಿಷ್ಟು ಕೂಡಿಸುತ್ತದೆ. ಸುದ್ದಿಪತ್ರಿಕೆ ಬರೆದರೆ ಹೆಚ್ಚು, ಸಾಮಾನ್ಯರು ಬರೆದರೆ ಕಡಿಮೆ. ಏನು ಬರೆದರು ಎಂದು ನೋಡುವುದಿಲ್ಲ. ಅದಕ್ಕೆ ಎಣಿಸಲು ಬರುತ್ತದೆ, ಓದಲು ಬರುವುದಿಲ್ಲ.

ನನ್ನ ಪುಟ ತೆರೆದವರ ಮುಖ ನನಗೆ ಕಾಣುತ್ತದೆ, ಅದೂ ಗದ್ದದ ಕೆಳಗಿನಿಂದ. ಮೊದಲು ಕಂಡದ್ದು ನೀಲಾಂಬಿಕಾಳ ಮುಖ. ಪ್ರಬಂಧ ಅವಳದು. ಕಲಬುರಗಿಯ ರಸ್ತೆ, ಮರ, ತಗಡಿನ ಛಾವಣಿಗಳನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟಿ, ಈಗ ಯಾವ ಓಣಿ ಬಿಸಿಲಿಗೆ ಎಷ್ಟು ಕಾಯುತ್ತದೆ, ಇಪ್ಪತ್ತು ವರ್ಷದ ಮೇಲೆ ಎಷ್ಟು ಕಾಯುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಮುಗಿದದ್ದು ಅರ್ಧ ಊರು. ಇನ್ನೂ ಇಪ್ಪತ್ತಾರು ವಾರ್ಡು ಬಾಕಿ. ಮಾರ್ಚಿನಲ್ಲಿ ಯೋಜನೆ ನವೀಕರಣವಾದರೆ ಮಾತ್ರ ಅವು ಮುಗಿಯುತ್ತಿದ್ದವು.

ಆಗ ನಾನು ನಾಲ್ಕಾಗಿದ್ದೆ.

ಒಂದು ದಿನ ಆಶಾ ಕಾರ್ಯಕರ್ತೆ ಶಮೀಮ್ ವಿಶ್ವವಿದ್ಯಾಲಯದಲ್ಲಿ ನೀಲಾಂಬಿಕಾಳ ಕೋಣೆಗೆ ಬಂದಳು. ಮೂರನೆಯ ತಖ್ತೆಯ ಮೇಲೆ ಬೆರಳಿಟ್ಟಳು. ರಾತ್ರಿಯೂ ತಣ್ಣಗಾಗದ ಓಣಿಗಳ ಪಟ್ಟಿ ಅದು.

"ಮೇಡಂ, ಇದು ನಮಗ ಬೇಕಾಗ್ಯದರಿ. ಬಾಣಂತ್ಯಾರ ಮನಿಗೆ ಯಾವ ಓಣಿಗಿ ಮೊದಲ ಹೋಗಬೇಕು ಅಂತ ಗೊತ್ತಾಗ್ತದ. ಫೋಟೊ ಹೊಡಕೊಳ್ಳಲೇನ್ರಿ?"

"ಲಿಂಕ್ ಕಳಿಸ್ತೀನಿ, ತಡೀರಿ."

"ಲಿಂಕ್ ಯಾರು ತೆಗೀತಾರ್ರೀ? ಫೋಟೊ ಸಾಕು." ಹೊಡೆದಳು. ಆಮೇಲೆ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ನಮ್ಮ ವಾರ್ಡೇ ಇಲ್ಲಲ್ರೀ ಇದರಾಗ?"

"ಮಾರ್ಚ್ ಆದಮ್ಯಾಲ ಬರ್ತದ."

ಆ ಫೋಟೊ ನಲವತ್ತು ಮಂದಿ ಆಶಾ ಕಾರ್ಯಕರ್ತೆಯರ ಕೈಗೆ ಹೋಯಿತೆಂದು ಶಮೀಮ್ ಆಮೇಲೆ ಬಂದು ಹೇಳಿದಳು. ನಲವತ್ತು ಮಂದಿ ಅದನ್ನು ಹಿಡಿದು ಬಿಸಿಲಲ್ಲಿ ನಡೆದರು. ಫೋಟೊದಲ್ಲಿ ಲಿಂಕ್ ಇರುವುದಿಲ್ಲ. ನಾನು ನಾಲ್ಕಾಗಿಯೇ ಉಳಿದೆ.

ಫೆಬ್ರವರಿಯಲ್ಲಿ ಲಕ್ಷಾಂತರ ಹಿಂಬಾಲಕರಿರುವ ಒಬ್ಬ ಮನುಷ್ಯ ನನ್ನ ಪುಟದ ಲಿಂಕ್ ಹಾಕಿ ಬರೆದ: "ಕಲಬುರಗ್ಯಾಗ ಬಿಸಿಲದ ಅಂತ ಹೇಳಲಾಕ ಕಂಪ್ಯೂಟರ್ ಬೇಕೇನ್ರಪಾ? ನಮ್ಮ ಆಯಿಗಿ ಕೇಳಿದ್ರ ಪುಕ್ಕಟೆ ಹೇಳ್ತಾಳ." ಜನ ನಕ್ಕರು, ಹಂಚಿದರು. ನಗು ಮುಗಿದ ಮೇಲೆ ಬೈಗುಳ ಶುರುವಾಯಿತು. ಹೆಂಗಸು ಎಂದು ಬೈದರು, ವಿದೇಶದವರ ಏಜೆಂಟ್ ಎಂದು ಬೈದರು. ಮೂರು ಪತ್ರಿಕೆಗಳು ಆ ಗದ್ದಲವನ್ನೇ ಸುದ್ದಿ ಮಾಡಿದವು. ಒಂದೇ ವಾರದಲ್ಲಿ ನಾನು ಸಾವಿರದ ನೂರ ನಲವತ್ತಾದೆ.

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಸಿದ್ರಾಮಪ್ಪ ನನ್ನನ್ನು ಫೋನಿನಲ್ಲಿ ತೆರೆದುಕೊಂಡು, ಇನ್ನೊಂದು ಕೈಯಲ್ಲಿ ಪೇಢಾ ಡಬ್ಬಿ ಹಿಡಿದು ಅವಳ ಕೋಣೆಗೆ ಬಂದರು.

"ತಗೋರಿ ಮೇಡಂ! ಇಡೀ ವಿಶ್ವವಿದ್ಯಾಲಯದಾಗ ನಿಮ್ಮದೇ ಹೈಯೆಸ್ಟ್!"

"ಸರ್, ಅವರು ಬೈಲತ್ತಾರ."

"ಬೈಲಿ ಬಿಡ್ರಿ. ಅಂಕಿಗಿ ಬೈಗುಳ ಬ್ಯಾರೆ, ಹೊಗಳಿಕಿ ಬ್ಯಾರೆ ಅದೇನ್ರಿ?"

ಮರುದಿನ ನಾನು ಮುಖ್ಯ ಗೇಟಿನಲ್ಲಿ ಫ್ಲೆಕ್ಸ್ ಆಗಿ ಏರಿದೆ. ಎಮ್ಮೆ ಗಾತ್ರದ ನಾನು, ನನ್ನ ಪಕ್ಕ ಶಾಲು ಹೊದ್ದ ಸಿದ್ರಾಮಪ್ಪನವರು, ಕೆಳಮೂಲೆಯಲ್ಲಿ ಬೆರಳಿನಷ್ಟು ನೀಲಾಂಬಿಕಾ. 'ಹಾರ್ದಿಕ ಅಭಿನಂದನೆಗಳು.' ಬೈಗುಳಕ್ಕೆ ಅಭಿನಂದನೆ ಹೇಳಿದ ಗೇಟು ನಾನು ಕಂಡಂತೆ ಅದೊಂದೇ.

ಗೇಟು ದಾಟುವಾಗ ಅವಳು ತಲೆ ಎತ್ತಿ ನೋಡಲಿಲ್ಲ. ಕೋಣೆಗೆ ಹೋಗಿ ನನ್ನನ್ನು ಬಿಚ್ಚಿದಳು. ನನ್ನ ಮೇಲೆ ಒತ್ತಿದರೆ ಒಳಗಿನವರೆಲ್ಲ ಕಾಣುತ್ತಾರೆ. ಒಬ್ಬೊಬ್ಬರನ್ನೇ ಓದಿದಳು. ನಾಲ್ಕು ದಿನ ಹಿಡಿಯಿತು. ಅಳಲಿಲ್ಲ.

ನವೀಕರಣದ ಅರ್ಜಿಯಲ್ಲಿ 'ಸಾರ್ವಜನಿಕ ಗಮನ' ಎಂದು ಒಂದು ಕಲಂ ಇತ್ತು. ನನ್ನನ್ನಷ್ಟೇ ಬರೆದು ಸಹಿ ಹಾಕಿದ್ದರೆ ಇಪ್ಪತ್ತಾರು ವಾರ್ಡು ಅವಳವಾಗುತ್ತಿದ್ದವು. ಅವಳು ನನ್ನನ್ನು ಬರೆದಳು. ಕೆಳಗೆ ಇದನ್ನೂ ಬರೆದಳು: 'ಪ್ರಬಂಧ ಓದಿ ಬರೆದವರು ಒಂಬತ್ತು ಮಂದಿ. ಉಳಿದವರು ಓದಿಲ್ಲ. ಉಪಯೋಗಿಸಿದವರು ನಲವತ್ತು ಮಂದಿ, ಅವರು ಈ ಅಂಕಿಯಲ್ಲಿ ಇಲ್ಲ. ಅನುದಾನ ಕೊಡುವುದಾದರೆ ಈ ನಲವತ್ತೊಂಬತ್ತು ಮಂದಿಯನ್ನು ನೋಡಿ ಕೊಡಿ.'

ಸಿದ್ರಾಮಪ್ಪನವರು ಹೌಹಾರಿದರು. "ತಲಿ ಕೆಟ್ಟದೇನ್ರೀ ನಿಮಗ? ತಾನಾಗಿ ಬಂದಿದ್ದು ಯಾಕ ಒದೀತೀರಿ?"

"ನಂದಲ್ಲ ಸರ್ ಅದು."

"ಅರ್ಧ ಊರು ಹಂಗೇ ಉಳೀತದ, ನೋಡ್ರಿ."

"ಈ ಅಂಕಿ ಹೇಳಿ ರೊಕ್ಕ ಇಸಗೊಂಡ್ರ, ನಾಳಿಗಿ ಬೈಸಿಕೊಳ್ಳಲಾಕ ಅಂತನೇ ಪ್ರಬಂಧ ಬರೀಬೇಕಾಗ್ತದ. ನಾ ಬರಿಯಾಂಗಿಲ್ಲ."

ಅರ್ಜಿ ಮರಳಿ ಬಂತು: 'ವಿವರಣೆ ಅನಗತ್ಯ. ಅಂಕಿ ಮಾತ್ರ ನಮೂದಿಸುವುದು.' ಅವಳು ಒಂದಕ್ಷರ ಬದಲಿಸದೆ ಅದನ್ನೇ ಮತ್ತೆ ಕಳಿಸಿದಳು. ಯೋಜನೆ ನಿಂತಿತು. ಫ್ಲೆಕ್ಸ್ ಇಳಿಯಿತು. ಅವಳ ಕೋಣೆಗೆ ಬೇರೆ ಹೆಸರಿನ ಹಲಗೆ ಬಂತು.

ಈಗ ಅವಳು ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಲ್ಲಿನ ಪ್ರಯೋಗಾಲಯದಲ್ಲಿ ಯಾರೂ ಮುಟ್ಟದ ಹಳೆಯ ಕಂಪ್ಯೂಟರೊಂದಿದೆ. ಒಂದು ವಾರ್ಡಿನ ಲೆಕ್ಕಕ್ಕೆ ಅದು ಹನ್ನೊಂದು ದಿನ ತೆಗೆದುಕೊಳ್ಳುತ್ತದೆ. ಹಳೆಯ ತಖ್ತೆಗಳೊಂದಿಗೆ ಹೋಲಿಸಲು ನನ್ನ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟಿರುತ್ತಾಳೆ. ಹಾಗಾಗಿ ನನಗೆ ಎಲ್ಲ ಗೊತ್ತು. ಶಮೀಮ್‌ಳ ವಾರ್ಡನ್ನು ಮೊದಲು ಹಾಕಿದಳು. ಹನ್ನೆರಡನೆಯ ದಿನ ಆ ತಖ್ತೆ ಝೆರಾಕ್ಸ್ ಅಂಗಡಿಗೆ ಹೋಯಿತು.

ನನಗೆ ವಯಸ್ಸಾಯಿತು. ಬೈದವರು ಬೇರೆ ಜಗಳಕ್ಕೆ ಹೋದರು, ನಾನು ಮಾತ್ರ ಇಳಿಯುವುದಿಲ್ಲ. ಒಳಗೆ ಒಂಬತ್ತು ಮಂದಿಯನ್ನು ಬಿಟ್ಟರೆ ಬರೀ ಗದ್ದಲ. ನನ್ನನ್ನು ತೋರಿಸಿ ಯಾರಾದರೂ ಇದು ಜ್ಞಾನದ ಅಳತೆ ಎಂದರೆ, 'ಅಲ್ಲ' ಎಂದು ಆ ಅಂಕಿಯೇ ಹೇಳಿತು ಎನ್ನಿ.

ಮೊನ್ನೆ ಶಮೀಮ್ ಬಂದು ತನ್ನ ವಾರ್ಡಿನ ಹಾಳೆ ಬಿಚ್ಚಿದಳು. ಬೆವರಿಗೆ ಮೆತ್ತಗಾಗಿತ್ತು. ಅದರ ಪಕ್ಕ ನನ್ನಂಥ ಬಣ್ಣದ ಬಳೆ ಇರಲಿಲ್ಲ. ಅಂಚಿನುದ್ದಕ್ಕೂ ಪೆನ್ಸಿಲ್ಲಿನ ಗೀಟುಗಳಿದ್ದವು, ಹೋಗಿ ಬಂದ ಮನೆಗೊಂದರಂತೆ.