ಅಗಲದ ಬಿಟ್

ಅಳಿಯನ ಹುಬ್ಬಿನ ಮೇಲೆ ಮರದ ಹುಡಿ ಕೂತಿದೆ, ಅದನ್ನು ಒರೆಸಿಕೊಳ್ಳುವಷ್ಟೂ ಗಮನವಿಲ್ಲ ಇವನಿಗೆ, ಇಂಥವನ ಕೈಗೆ ತಾನು ಮೂವತ್ತು ವರ್ಷ ಕಟ್ಟಿದ ವರ್ಕ್‌ಶಾಪು, ಮುದುಕ ಬಡಗಿಗೆ ಮೈಯೆಲ್ಲ ಉರಿಯಿತು — ಮಗಳು ಬೆಳಿಗ್ಗೆ ಹೇಳಿದ್ದಳಲ್ಲ, ಅಪ್ಪ, ಈ ಹಲಗೆ ಅವರೊಬ್ಬರೇ ಸಮ ಮಾಡಿದ್ರೆ ಬೀಗದ ಕೈ ಅವರಿಗೆ ಕೊಟ್ಬಿಡಿ, ನಿಮ್ಮ ಕೈ ನಡುಗುತ್ತೆ, ಇನ್ನು ಸಾಕು. ನಡುಗುತ್ತಂತೆ! ಲೋಟ ಹಿಡಿದಾಗ ನಡುಗುತ್ತದೆ, ನಿಜ, ಉಳಿ ಹಿಡಿದಾಗ ಎಂದಾದರೂ ನಡುಗಿದೆಯೇ — ಮಾವ, ಯಾವ ಬಿಟ್ ಹಾಕ್ಲಿ, ಕೇಳುತ್ತಾನೆ ಅಳಿಯ, ಇಲ್ಲಿ ಕೆಲಸಕ್ಕೆ ನಿಂತು ಎಂಟು ವರ್ಷವಾಯಿತು, ಇನ್ನೂ ಕೇಳುತ್ತಾನೆ, ಎದುರಿಗೆ ಮರ ಕೆರೆಯುವ ರೂಟರ್ ಯಂತ್ರದ ಮೂತಿಗೆ ಸಿಕ್ಕಿಸುವ ಮೂರು ಬಿಟ್‌ಗಳು ಅಲಗು ತೋರಿಸಿಕೊಂಡು ಮಲಗಿವೆ, ತೆಳ್ಳಗಿನದು ಇಷ್ಟಗಲದ ಹಲಗೆಯ ಮೇಲೆ ಗೆರೆ ಗೆರೆ ಬಿಡುತ್ತದೆ, ಸುರುಳಿಯದು ಗುಳಿ ತೋಡುವುದಕ್ಕೆ, ಮೇಲ್ಮೈ ಸಮ ಮಾಡಲು ಅಗಲದ್ದೇ ಸರಿ, ಆದರೆ ಅಗಲದ್ದಕ್ಕೆ ರೂಟರಿನ ವೇಗ ಒಂದಕ್ಕೆ ಇಳಿಸಬೇಕು, ಇಲ್ಲದಿದ್ದರೆ ಹುಚ್ಚೆದ್ದು ಹಾರುತ್ತದೆ, ವೇಗದ ಚಕ್ರ ಈಗ ಆರರಲ್ಲಿದೆ, ನಿನ್ನೆ ಸಣ್ಣ ಬಿಟ್ ಹಾಕಿದಾಗ ತಾನೇ ಇಟ್ಟದ್ದು — ಅಗಲದ್ದು ಹಾಕು, ಅಂದ ಮುದುಕ, ಅಷ್ಟೇ ಅಂದ, ಉಳಿದರ್ಧವನ್ನು ಎಂಜಲಿನೊಂದಿಗೆ ನುಂಗಿಕೊಂಡ, ಸುಳ್ಳೇನೂ ಹೇಳಲಿಲ್ಲವಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಅಳಿಯ ಬಿಟ್ ಕೂರಿಸಿದ, ನಟ್ ಬಿಗಿದ, ಒಮ್ಮೆ ಚಕ್ರದ ಕಡೆ ನೋಡಲಿ, ನೋಡದಿರಲಿ ದೇವರೇ, ಸ್ವಿಚ್ ಒತ್ತಿದ — ಎಂಥ ಕಿರುಚಾಟ, ಯಂತ್ರ ಅಳಿಯನ ತೋಳು ಕಿತ್ತು ಬರುವಂತೆ ಎಗರಿ ಹಲಗೆಯನ್ನು ಅಡ್ಡಡ್ಡ ಬಗೆದು ನಿಂತಿತು, ಮುದುಕನಿಗೆ ನಗು ಬಂತು, ಕೆಮ್ಮಿನಲ್ಲಿ ಮುಚ್ಚಿಕೊಂಡ, ಕೈಗೇನೂ ಆಗಿಲ್ಲ, ಹಲಗೆ ಹೋಯಿತು, ಹೋಗಲಿ, ಬೀಗದ ಕೈ ಇಲ್ಲೇ ಸೊಂಟದಲ್ಲಿದೆ, ಮಗಳು ಓಡಿ ಬಂದಳು, ಈಗ ಹೇಳುತ್ತಾನೆ, ನಿಮ್ಮಪ್ಪ ಸ್ಪೀಡಿನ ವಿಷಯ ಬಾಯೇ ಬಿಡಲಿಲ್ಲ ಅಂತ, ಹೇಳಲಿ, ಎಂಟು ವರ್ಷ ಏನು ಕಡಿದು ಕಟ್ಟೆ ಹಾಕಿದೆಯಪ್ಪ ಎಂದು ಕೇಳಲು ಮಾತು ಸಿದ್ಧವಿದೆ — ತಪ್ಪು ನಂದೇ ಕಣೆ, ಅಂದ ಅಳಿಯ, ಮಾವ ಹೇಳಿದ್ರು, ಒಂದಕ್ಕೆ ಇಳಿಸು ಅಂತ, ಎರಡು ಸಲ ಹೇಳಿದ್ರು, ನಾನೇ ಮರೆತೆ. ಮಗಳು ಗಂಡನ ಮೇಲೆ ಹರಿಹಾಯ್ದಳು, ಅಪ್ಪ ಅಷ್ಟು ಬಡ್ಕೊಂಡ್ರೂ ನಿಮ್ಮ ಕಿವಿಗೆ ಹೋಗಲ್ವೇನ್ರಿ, ಪಾಪ ಅವರು — ಪಾಪ ಅಂದಳು, ತನಗೆ, ಇಲ್ಲಮ್ಮ, ನಾನು ಹೇಳಲೇ ಇಲ್ಲ, ಈ ಒಂದು ಮಾತು, ಬಾಯಿ ತೆರೆದರೆ ಮಗಳು ಹೋದಳು, ತೆರೆಯದಿದ್ದರೆ ಆಯುಷ್ಯವಿಡೀ ಇವನ ಹಂಗು, ಎರಡು ಸಲ ಅಂದನಲ್ಲ, ಒಂದು ಸಲ ಸಾಲದಿತ್ತೇ, ಗೊತ್ತಾಗಿದೆ ಇವನಿಗೆ, ಮೊದಲೇ ಗೊತ್ತಿತ್ತೇ, ಗೊತ್ತಿದ್ದೇ ಸ್ವಿಚ್ ಒತ್ತಿದನೇ, ಅಳಿಯ ತನ್ನ ಮುಖವನ್ನೇ ನೋಡುತ್ತಾ ತೋರುಬೆರಳಿನಿಂದ ಚಕ್ರ ಇಳಿಸುತ್ತಿದ್ದಾನೆ, ಆರು, ಐದು, ನಾಲ್ಕು, ಆ ಬೆರಳು, ಮೂರು, ಎರಡು, ಒಂದು, ಮತ್ತೆ ಆರಕ್ಕೆ ಏರಿಸುತ್ತಾನೆ, ಮತ್ತೆ ಐದು, ನಾಲ್ಕು, ಆ ಬೆರಳು, ಆ ಬೆರಳು