ಮೋಹಿನಿಗೆ ಹಾಲು ಕುಡಿಸಿದ ಬಗೆ

ಸೀತುವಿನ ಮಗಳು ಹುಟ್ಟಿದ್ದು ೧೯೮೦ರ ಸೆಪ್ಟೆಂಬರಿನಲ್ಲಿ, ಪುತ್ತೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಚೊಚ್ಚಲ ಹೆರಿಗೆ, ತಾಯಿಮನೆಯವರು ಮಾಡಿಸಬೇಕಿತ್ತು. ಆದರೆ ಮರ್ಕಂಜದ ಆ ಮನೆಯಲ್ಲಿ ತಾಯಿ ತೀರಿಕೊಂಡು ಎರಡು ವರ್ಷ ಆಗಿತ್ತು. ಅಣ್ಣ, ಅತ್ತಿಗೆ, ಅವರ ಸಣ್ಣ ಸಣ್ಣ ಮಕ್ಕಳು ಮಾತ್ರ ಅಲ್ಲಿ. ಹಾಗಾಗಿ ಗಂಡ ಬೋಜನೇ ಅವಳನ್ನು ಕಡಬದಿಂದ ಜೀಪಿನಲ್ಲಿ ಕರೆದುಕೊಂಡು ಬಂದಿದ್ದ. ಜೊತೆಗೆ ಅವನ ತಾಯಿ ಪೂವಮ್ಮ ಇದ್ದರು.

ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಬಟ್ಟೆಯ ಅಂಚು ಮುಖದ ಮೇಲೆ ಇಳಿದಿತ್ತು. ಪೂವಮ್ಮ ಅದನ್ನು ಸರಿಸಿ ನೋಡಿದರು. ಮೇಲ್ದುಟಿ ಸೀಳಿ, ಆ ಸೀಳು ಮೂಗಿನ ಹೊಳ್ಳೆಯವರೆಗೂ ಹೋಗಿತ್ತು. ಮಗು ಅಳುವಾಗ ಬಾಯಿಯೊಳಗೆ ಅಂಗುಳಿನಲ್ಲೂ ಬಿರುಕು ಕಾಣುತ್ತಿತ್ತು. ಪೂವಮ್ಮ ಮಗುವನ್ನು ಸೀತುವಿನ ಪಕ್ಕದಲ್ಲಿ ಮಲಗಿಸಿ, ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತರು.

ಡಾಕ್ಟರು ಸಮಾಧಾನದಿಂದಲೇ ಮಾತಾಡಿದರು. "ತುಟಿ ಹೊಲಿಯಬಹುದು, ಮಂಗಳೂರಿನಲ್ಲಿ ಮಾಡ್ತಾರೆ. ಅಂಗುಳಿನದ್ದು ಆಮೇಲೆ, ಮಗು ಸ್ವಲ್ಪ ದೊಡ್ಡದಾದ ಮೇಲೆ. ಆದರೆ ಐದು ಕಿಲೋ ಆಗದೆ ಆಪರೇಷನ್ನಿಗೆ ಅವರು ಒಪ್ಪುದಿಲ್ಲ."

"ಈಗ ಎಷ್ಟುಂಟು?" ಬೋಜ ಕೇಳಿದ.

"ಎರಡೂವರೆ ಇರಬಹುದು. ಎದೆಹಾಲು ಚೀಪಲಿಕ್ಕೆ ಇದಕ್ಕೆ ಆಗುದಿಲ್ಲ. ಹೇಗಾದರೂ ಮಾಡಿ ಕುಡಿಸಬೇಕು. ತೂಕ ಏರಿದರೆ ಉಳಿದದ್ದೆಲ್ಲ ಸುಲಭ."

ಹೇಗಾದರೂ ಎಂದರೆ ಹೇಗೆ ಎಂದು ಬೋಜ ಕೇಳಲಿಲ್ಲ. ಪುತ್ತೂರಿನ ಮೆಡಿಕಲ್ಲಿನಿಂದ ಒಳ್ಳೆಯದೇ ಒಂದು ಹಾಲಿನ ಬಾಟಲಿ ಕೊಂಡ. ಬಾಟಲಿ ಇದ್ದರೆ ಮಗು ಕುಡಿಯುತ್ತದೆ ಎಂದೇ ಅವನು ತಿಳಿದಿದ್ದ.

ಬೋಜನಿಗೆ ಕಡಬ ಪೇಟೆಯ ಕೊನೆಯಲ್ಲಿ ಅಕ್ಕಿ ಮಿಲ್ಲು ಇತ್ತು. ಮನೆ ಮಿಲ್ಲಿನ ಹಿಂದೆಯೇ. ಬೆಳಿಗ್ಗೆ ಇಂಜಿನ್ ಶುರುವಾದರೆ ಮನೆಯೊಳಗೂ ಕೂಗಿಯೇ ಮಾತಾಡಬೇಕು. ಆ ಸದ್ದಿನಲ್ಲಿ ಮಗು ಅಳುವುದು ಕೇಳುವುದಿಲ್ಲ ಎಂದು ಸೀತು ಅದನ್ನು ಮಡಿಲಿನಿಂದ ಕೆಳಗೆ ಇಳಿಸುತ್ತಲೇ ಇರಲಿಲ್ಲ.

ಬಾಟಲಿಯಿಂದ ಮಗುವಿಗೆ ಕುಡಿಯಲು ಬರಲಿಲ್ಲ. ರಬ್ಬರ್ ತೊಟ್ಟನ್ನು ಬಾಯಿಗಿಟ್ಟರೆ ನಾಲಿಗೆ ಆಡಿಸುತ್ತಿತ್ತು, ಆದರೆ ಹಾಲು ಎಳೆಯುವ ಶಕ್ತಿ ಆ ಸೀಳುಬಾಯಿಗೆ ಇರಲಿಲ್ಲ. ಬೋಜ ಮತ್ತೊಂದು ಬಗೆಯ ತೊಟ್ಟು ತಂದ. ಅದೂ ಆಗದಾಗ ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿದ. ಆಗ ಹಾಲು ಒಮ್ಮೆಲೇ ನುಗ್ಗಿ ಮೂಗಿನಿಂದ ಹೊರಗೆ ಬಂತು, ಮಗು ಕೆಮ್ಮಿ ಕೆಮ್ಮಿ ಕೆಂಪಾಯಿತು. ಚಮಚದಲ್ಲಿ ಹಾಕಿದರೆ ಅರ್ಧ ಕತ್ತಿಗೆ ಇಳಿಯುತ್ತಿತ್ತು. ಇಂಕ್ ಫಿಲ್ಲರಿನಲ್ಲಿ ಒಂದೊಂದೇ ಹನಿ ಬಿಟ್ಟರೆ ಒಳಗೇನೋ ಹೋಗುತ್ತಿತ್ತು. ಆದರೆ ಒಂದು ಸಲದ ಹಾಲು ಮುಗಿಯುವಷ್ಟರಲ್ಲಿ ಇನ್ನೊಂದು ಸಲದ ಹೊತ್ತಾಗಿ, ಮಗು ದಣಿದು ನಿದ್ದೆ ಹೋಗುತ್ತಿತ್ತು. ಸೀತು ಎದೆಹಾಲನ್ನು ಬಟ್ಟಲಿಗೆ ಹಿಂಡುತ್ತಿದ್ದಳು. ಬಟ್ಟಲಲ್ಲಿ ಉಳಿದದ್ದನ್ನು ಹೊರಗೆ ಚೆಲ್ಲುವಾಗ ಅವಳಿಗೆ ಅಳು ಬರುತ್ತಿತ್ತು.

ಮಗುವಿನ ತೊಡೆಯ ಚರ್ಮ ಸಡಿಲವಾಗತೊಡಗಿತು. ಬೋಜ ಒಂದು ದಿನ ಅದನ್ನು ಮಿಲ್ಲಿಗೆ ಎತ್ತಿಕೊಂಡು ಹೋಗಿ ಅಕ್ಕಿ ತೂಗುವ ತಕ್ಕಡಿಯಲ್ಲಿ ಮಲಗಿಸಿದ. ಆಸ್ಪತ್ರೆಯಿಂದ ತಂದಾಗ ಇದ್ದದ್ದಕ್ಕಿಂತಲೂ ಕಡಿಮೆ ಇತ್ತು. ಮನೆಗೆ ಬಂದು "ಮೊದಲಿನಷ್ಟೇ ಉಂಟು" ಎಂದು ಸುಳ್ಳು ಹೇಳಿದ. ಸೀತು ಅವನ ಮುಖ ನೋಡಿ ತಿಳಿದುಕೊಂಡಳು.

ನೋಡಲು ಬಂದವರು ಮಗುವಿನ ಮುಖ ನೋಡಿ, ಆಮೇಲೆ ಸೀತುವಿನ ಮುಖ ನೋಡಿ, "ಗ್ರಹಣದ ದಿನ ಎಲ್ಲಿದ್ದೆ?" ಎಂದು ಕೇಳುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ದೊಡ್ಡ ಸೂರ್ಯಗ್ರಹಣ ಆಗಿತ್ತು. ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಬಸ್ಸಿನಲ್ಲಿ ಜನ ಇರಲಿಲ್ಲ. "ಮನೆಯಲ್ಲೇ ಇದ್ದೆ" ಎನ್ನುತ್ತಿದ್ದಳು ಸೀತು. ಅದು ಪೂರ್ತಿ ನಿಜ ಅಲ್ಲ. ಆ ಮಧ್ಯಾಹ್ನ ಮಿಲ್ಲಿನ ಅಂಗಳದಲ್ಲಿ ಬೇಯಿಸಿದ ಭತ್ತ ಒಣಗಲು ಹಾಕಿತ್ತು. ಹಗ್ಗ ಬಿಚ್ಚಿಕೊಂಡ ಕರು ಭತ್ತಕ್ಕೆ ಬಾಯಿ ಹಾಕಿದಾಗ ಪೂವಮ್ಮ ಒಳಗಿನಿಂದ, "ಸೀತು, ಅದನ್ನು ಓಡಿಸು" ಎಂದಿದ್ದರು. ಸೀತು ಹೋಗಿ ಕರುವನ್ನು ಕಟ್ಟಿ, ಚಾಪೆಗಳನ್ನು ಎಳೆದು ಹಾಕಿ ಬಂದಿದ್ದಳು. ಆಗ ಅವಳಿಗೆ ತಿಂಗಳು ತಪ್ಪಿದ್ದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿತ್ತು. ಮಗು ಹುಟ್ಟಿದ ಮೇಲೆ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಒಳಲೆಯ ಯೋಚನೆ ಬಂದದ್ದು ಬೋಜನಿಗೆ, ಅದೂ ಮಿಲ್ಲಿನಲ್ಲಿ. ಬೇರಿಂಗಿಗೆ ಎಣ್ಣೆ ಬಿಡಲು ಅವನ ಅಪ್ಪನ ಕಾಲದಿಂದಲೂ ಅಲ್ಲಿ ಒಂದು ಹಳೆಯ ಹಿತ್ತಾಳೆಯ ಒಳಲೆ ಇತ್ತು. ಅಂಗೈಯಗಲದ ಬಟ್ಟಲು, ಒಂದು ಕಡೆ ಹಕ್ಕಿಯ ಕೊಕ್ಕಿನ ಹಾಗೆ ಉದ್ದಕ್ಕೆ ಬಂದ ಬಾಯಿ. ಮೊದಲೆಲ್ಲ ಮಕ್ಕಳಿಗೆ ಹಾಲು, ಮದ್ದು ಕುಡಿಸುತ್ತಿದ್ದದ್ದು ಅದರಲ್ಲೇ. ಬಾಟಲಿ ಬಂದ ಮೇಲೆ ಮನೆಮನೆಗಳಲ್ಲೂ ಅದು ಅಟ್ಟ ಸೇರಿತ್ತು. ಆ ದಿನ ಬೋಜ ಎಣ್ಣೆ ಬಿಡುತ್ತಾ, ಸಪೂರ ನೂಲಿನ ಹಾಗೆ ಅದು ಇಳಿಯುವುದನ್ನೂ ಕೈ ಸ್ವಲ್ಪ ಎತ್ತಿದರೆ ನಿಲ್ಲುವುದನ್ನೂ ನೋಡಿದ. ಇಂಜಿನ್ ನಿಲ್ಲಿಸಿ ಮನೆಗೆ ಬಂದ.

ಅವನ ಕೈಯಲ್ಲಿದ್ದ ಜಿಡ್ಡಿನ ಒಳಲೆ ನೋಡಿ ಪೂವಮ್ಮ ಹುಬ್ಬು ಗಂಟಿಕ್ಕಿದರು. "ಅದರಲ್ಲಿ ಮಗುವಿಗೆ ಕೊಡುದಾ? ಇಂಜಿನಿನ ಎಣ್ಣೆ ಕುಡಿದದ್ದು ಅದು."

"ತೊಳೆದರೆ ಆಗುದಿಲ್ವಾ ಅಮ್ಮ?"

ಹುಣಿಸೆಹುಳಿ ಹಾಕಿ ತಿಕ್ಕಿದರು, ನೀರಿನಲ್ಲಿ ಕುದಿಸಿದರು. ವಾಸನೆ ಹೋಗಲಿಲ್ಲ. ಬೇಲಿಯಾಚೆಯ ಮನೆಯ ಕದೀಜಮ್ಮ ಬಾವಿಕಟ್ಟೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಅವರ ಗಂಡ ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಕದೀಜಮ್ಮ ಸೆರಗಿನೊಳಗೆ ಏನನ್ನೋ ಹಿಡಿದುಕೊಂಡು ಬಂದರು.

"ಪೂವಮ್ಮಕ್ಕ, ಇದು ನನ್ನ ತಾಯಿಯದ್ದು, ಬೆಳ್ಳಿದು. ಮಕ್ಕಳು ದೊಡ್ಡವರಾದ ಮೇಲೆ ಪೆಟ್ಟಿಗೆಯಲ್ಲೇ ಇತ್ತು. ನಿಮಗೆ ಅಡ್ಡಿ ಇಲ್ಲದಿದ್ದರೆ ಇಟ್ಟುಕೊಳ್ಳಿ."

ಬೇರೆ ಹೊತ್ತಾಗಿದ್ದರೆ ಪೂವಮ್ಮನಿಗೆ ಅಡ್ಡಿ ಇರುತ್ತಿತ್ತೋ ಏನೋ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. "ಬನ್ನಿ, ಕೂತುಕೊಳ್ಳಿ" ಎಂದು ಮಣೆ ಕೊಟ್ಟರು.

ಮಕ್ಕಳಿಗೆ ಒಳಲೆಯಲ್ಲಿ ಕುಡಿಸಿ ಪೂವಮ್ಮನಿಗೆ ಅಭ್ಯಾಸ ಇತ್ತು. ಕಾಲು ಚಾಚಿ ಕುಳಿತು, ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಒಳಲೆಯ ಬಾಯಿಯನ್ನು ತುಟಿಗೆ ಇಟ್ಟು ಬಗ್ಗಿಸಿದರು. ಬೋಜನನ್ನು ಸಾಕಿದ್ದು ಹಾಗೆಯೇ. ಮೊದಲ ಗುಟುಕು ಇಳಿಯಿತು. ಎರಡನೆಯದು ಅಂಗುಳಿನ ಬಿರುಕಿನಿಂದ ಮೂಗಿಗೆ ಹತ್ತಿತು. ಮಗುವಿನ ಉಸಿರು ಕಟ್ಟಿತು. ಅಳಲೂ ಆಗದೆ ಬಾಯಿ ತೆರೆದೇ ಉಳಿಯಿತು, ಉಗುರು ನೀಲಿಯಾಯಿತು.

ಸೀತು ಮಗುವನ್ನು ಎಳೆದುಕೊಂಡು ಕವುಚಿ ಹಿಡಿದು ಬೆನ್ನು ತಟ್ಟಿದಳು. ಹಾಲು ಹೊರಗೆ ಬಂತು. ಮಗು ಅತ್ತಿತು.

"ಇದೂ ಬೇಡ, ಸಾಕು" ಎಂದ ಬೋಜ. "ನಾಳೆ ಪುತ್ತೂರಿಗೆ ಹೋಗುವ."

"ಒಳಲೆಯದ್ದು ತಪ್ಪಲ್ಲ" ಎಂದಳು ಸೀತು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅತ್ತೆಯ ಎದುರು ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಮಲಗಿಸಿದ್ದಕ್ಕೆ ಹಾಗಾದದ್ದು. ನಾವು ಮಲಗಿಕೊಂಡು ನೀರು ಕುಡೀತೇವಾ? ನನಗೆ ಕೊಡಿ ಅತ್ತೆ."

ಮಗು ಸುಮ್ಮನಾಗುವವರೆಗೆ ಕಾದಳು. ಆಮೇಲೆ ಅದನ್ನು ತನ್ನ ಎಡತೋಳಿಗೆ ಒರಗಿಸಿ ಕುಳ್ಳಿರಿಸಿದಳು. ಒಳಲೆಯ ಬಾಯಿಯನ್ನು ಸೀಳಿನ ಕಡೆಗೆ ಇಡದೆ, ಸರಿಯಾಗಿದ್ದ ಕಡೆಯ ಕೆನ್ನೆಯ ಒಳಬದಿಗೆ ತಾಗಿಸಿದಳು. ಸ್ವಲ್ಪ ಬಿಟ್ಟು ನಿಲ್ಲಿಸಿದಳು. ಗಂಟಲು ಆಡುವುದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಗು ನುಂಗಿತು. ಮತ್ತೆ ಸ್ವಲ್ಪ ಬಿಟ್ಟಳು. ಒಮ್ಮೆ ಮೂಗಿನಿಂದ ಹನಿ ಬಂತು, ಒರೆಸಿ ಪುನಃ ಕೊಟ್ಟಳು. ಕದೀಜಮ್ಮ ಮಣೆಯಿಂದ ಏಳದೆ ನೋಡುತ್ತಲೇ ಇದ್ದರು. ಒಳಲೆ ಖಾಲಿಯಾದಾಗ, "ಇನ್ನೊಂದು ಕೊಡು ಮಗಾ, ಅದು ಬಾಯಿ ಬಿಡ್ತಾ ಉಂಟು" ಎಂದರು. ನಿಜವಾಗಿ ಮಗು ಬಾಯಿ ಬಿಡುತ್ತಿತ್ತು.

ಅಂದಿನಿಂದ ಮನೆಯ ಕೆಲಸವೆಲ್ಲ ಆ ಹಾಲಿನ ಹೊತ್ತಿಗೆ ಹೊಂದಿಕೊಂಡು ನಡೆಯಿತು. ಪೂವಮ್ಮ ಹೊಸ ರೀತಿಯನ್ನು ಸೊಸೆಯಿಂದ ಕಲಿತುಕೊಂಡರು. ಮೊದಮೊದಲು "ಹೀಗಾ? ಸರಿ ಉಂಟಾ?" ಎಂದು ಕೇಳುತ್ತಿದ್ದವರು, ಆಮೇಲೆ ಸೀತುವನ್ನೇ ಮಲಗಲು ಕಳಿಸಿ ತಾವು ಕೂರುತ್ತಿದ್ದರು. ಹಿಂಡಿದ ಎದೆಹಾಲು ಸಾಲದಾದಾಗ ದನದ ಹಾಲಿಗೆ ನೀರು ಬೆರೆಸಿ ಕೊಟ್ಟರು. ಬಾಟಲಿಯಲ್ಲಿ ಪೂವಮ್ಮ ತೆಂಗಿನೆಣ್ಣೆ ತುಂಬಿಸಿಟ್ಟರು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೆಟ್ಟಂಪಾಡಿಯಿಂದ ಬೋಜನ ಸೋದರತ್ತೆ ಬಂದರು. ಎಂತ ಹೆಸರಿಡುದು ಎಂದು ಕೇಳಿದರು.

"ಮೋಹಿನಿ" ಎಂದರು ಪೂವಮ್ಮ.

ಸೋದರತ್ತೆ ಮಗುವನ್ನು ನೋಡಿ, "ಬೇರೆ ಹೆಸರು ಸಿಗಲಿಲ್ವಾ?" ಎಂದರು. ಸ್ವಲ್ಪ ತಡೆದು ದನಿ ತಗ್ಗಿಸಿದರು. "ಈ ಹುಡುಗಿ ಗ್ರಹಣದ ಹೊತ್ತಿಗೆ ಹೊರಗೆ ಹೋಗಿರಬೇಕು. ನೀವು ಹಿರಿಯರು, ಹೇಳಬೇಕಿತ್ತು."

ಸೀತು ಅಲ್ಲೇ ಬಾಗಿಲ ಹತ್ತಿರ ಮಗುವಿಗೆ ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋಗಿದ್ದಾಳೆ" ಎಂದರು ಪೂವಮ್ಮ. "ಕಳಿಸಿದ್ದು ನಾನು. ಕರು ಭತ್ತ ತಿನ್ನುತ್ತಿತ್ತು. ನನಗೆ ಭತ್ತದ ಚಿಂತೆ ಆಯಿತು. ಕೇಳುದಾದರೆ ನನ್ನನ್ನು ಕೇಳಿ, ಅವಳನ್ನು ಕೇಳುದು ಬೇಡ."

ಸೋದರತ್ತೆ ಎಲೆಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಬೇರೆ ಮಾತು ತೆಗೆದರು. ಊಟ ಆಯಿತು, ಎಲ್ಲರೂ ಹೋದರು. ಪಾತ್ರೆ ತೊಳೆಯುವಾಗ ಸೀತು, "ನೀವು ಹಾಗೆ ಹೇಳುವ ಅಗತ್ಯ ಇರಲಿಲ್ಲ ಅತ್ತೆ" ಎಂದಳು.

"ಇತ್ತು" ಎಂದರು ಪೂವಮ್ಮ. "ಆ ಬೋಗುಣಿ ಇಲ್ಲಿ ಕೊಡು."

ತೂಕ ನೋಡುವುದು ಶನಿವಾರ. ಮಿಲ್ಲಿನ ತಕ್ಕಡಿಯ ಒಂದು ತಟ್ಟೆಗೆ ಬಟ್ಟೆ ಹಾಸಿ ಮೋಹಿನಿಯನ್ನು ಮಲಗಿಸುವುದು, ಇನ್ನೊಂದು ತಟ್ಟೆಗೆ ಅಂಥದೇ ಬಟ್ಟೆ ಹಾಕಿ ಮೇಲೆ ತೂಕದ ಕಲ್ಲು ಇಡುವುದು. ಅಕ್ಕಿ ಮಾಡಿಸಲು ಬಂದವರು ಚೀಲ ಕೆಳಗಿಟ್ಟು ಸುತ್ತ ನಿಲ್ಲುತ್ತಿದ್ದರು. ಅವರಿಗೂ ಅದು ರೂಢಿಯಾಗಿ, "ಈ ವಾರ ಎಷ್ಟಾಯಿತು ಬೋಜಣ್ಣ?" ಎಂದು ಪೇಟೆಯಲ್ಲಿ ಕೇಳುತ್ತಿದ್ದರು. ನಡುವೆ ಒಮ್ಮೆ ಜ್ವರ ಬಂದು ಏರಿದ್ದೆಲ್ಲ ಇಳಿಯಿತು. ಆಮೇಲೆ ಮತ್ತೆ ಏರಿತು.

ಫೆಬ್ರವರಿಯ ಒಂದು ಶನಿವಾರ ಬೋಜ ಸಣ್ಣ ಕಲ್ಲುಗಳನ್ನೆಲ್ಲ ಬದಿಗೆ ಸರಿಸಿ ಐದು ಕಿಲೋದ ಒಂದೇ ಕಲ್ಲನ್ನು ಇಟ್ಟ. ತಕ್ಕಡಿಯ ದಂಡ ಅತ್ತ ಇತ್ತ ತೂಗಿತು. ಮೋಹಿನಿ ಕಾಲು ಝಾಡಿಸಿದಳು. ಅವಳಿದ್ದ ತಟ್ಟೆ ನಿಧಾನವಾಗಿ ಕೆಳಗೆ ಬಂದು ನೆಲಕ್ಕೆ ತಾಗಿತು. ಸುತ್ತ ನಿಂತವರಲ್ಲಿ ಯಾರೋ ಕೈ ತಟ್ಟಿದರು. ಬೋಜ ಕಲ್ಲನ್ನು ತೆಗೆದು, ಪುನಃ ಇಟ್ಟು, ಇನ್ನೊಮ್ಮೆ ನೋಡಿದ. ಆ ದಿನ ಮಧ್ಯಾಹ್ನದ ಮೇಲೆ ಮಿಲ್ಲು ತೆರೆಯಲಿಲ್ಲ.

ಮಂಗಳೂರಿನಲ್ಲಿ ಡಾಕ್ಟರು ಮಗುವಿನ ಬಾಯಿ ನೋಡಿ, ದಿನ ಗೊತ್ತು ಮಾಡಿದರು. ಸೀತು, ಬೋಜ ಹೊರಟರೂ ಪೂವಮ್ಮ ಮೇಜಿನ ಎದುರಿನಿಂದ ಕದಲಲಿಲ್ಲ.

"ಇದು ಗ್ರಹಣದಿಂದ ಆಗುದಾ ಡಾಕ್ಟ್ರೆ?"

"ಅಲ್ಲಮ್ಮ. ಗ್ರಹಣ ಇಲ್ಲದ ವರ್ಷವೂ ಹುಟ್ತಾರೆ. ಇಲ್ಲಿಗೆ ಪ್ರತಿ ತಿಂಗಳು ಇಂಥ ಮಕ್ಕಳನ್ನು ತರ್ತಾರೆ."

"ಪ್ರತಿ ತಿಂಗಳಾ?"

"ಹೌದು. ಈ ವಾರವೇ ವಾರ್ಡಿನಲ್ಲಿ ಎರಡು ಮಕ್ಕಳಿದ್ದಾರೆ, ಬೇಕಾದರೆ ಹೋಗಿ ನೋಡಿ."

ಪೂವಮ್ಮ ಹೋಗಿ ನೋಡಿದರು. ಒಂದು ಮಗು ಕಾಸರಗೋಡು ಕಡೆಯದ್ದು, ಇನ್ನೊಂದು ಘಟ್ಟದ ಮೇಲಿನದ್ದು. ಎರಡೂ ಮಕ್ಕಳ ತಾಯಂದಿರ ಹತ್ತಿರ ಬಹಳ ಹೊತ್ತು ಕುಳಿತು ಬಂದರು. ಬಸ್ಸು ಉಪ್ಪಿನಂಗಡಿ ದಾಟಿತು. ಆಮೇಲೆ ಸೀತುವಿನ ಮಡಿಲಿನಿಂದ ಮಗುವನ್ನು ತಾವು ತೆಗೆದುಕೊಂಡು, "ನೀನು ಸ್ವಲ್ಪ ಕಣ್ಣು ಮುಚ್ಚು" ಎಂದರು.

ತುಟಿಯ ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆ ಎಳೆಯಬಾರದು, ಅದಕ್ಕೆ ಏನನ್ನೂ ಚೀಪಲು ಕೊಡಬೇಡಿ ಎಂದರು. ಮೋಹಿನಿಗೆ ಚೀಪಿ ಗೊತ್ತೇ ಇರಲಿಲ್ಲವಾದ್ದರಿಂದ ಅದು ಕಷ್ಟವಾಗಲಿಲ್ಲ. ಪಕ್ಕದ ಹಾಸಿಗೆಯಲ್ಲಿ, ಮಗುವಿಗೆ ತೂಕ ಸಾಲದೆ ಇನ್ನೂ ಅಲ್ಲೇ ಇದ್ದ ಕಾಸರಗೋಡಿನ ತಾಯಿ ಸೀತು ಕುಡಿಸುವುದನ್ನು ನೋಡಿ, ತನ್ನ ಗಂಡನನ್ನು ಒಳಲೆ ತರಲು ಪೇಟೆಗೆ ಅಟ್ಟಿದಳು. ಅವನು ಎಲ್ಲೂ ಸಿಗದೆ ಬರಿಗೈಯಲ್ಲಿ ಬಂದ. ಮೋಹಿನಿಗೆ ಇನ್ನು ಸಣ್ಣ ಲೋಟದಲ್ಲೂ ಕುಡಿಸಬಹುದು ಎಂದು, ಊರಿಗೆ ಮರಳುವಾಗ ಸೀತು ತನ್ನದನ್ನೇ ಅವಳಿಗೆ ಕೊಟ್ಟಳು. ಕದೀಜಮ್ಮನಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಹೆದರಿದ್ದಳು. ಕದೀಜಮ್ಮ, "ಅಲ್ಲಿಯೂ ಒಂದು ಮಗು ಉಂಟಲ್ಲ" ಎಂದಷ್ಟೇ ಹೇಳಿ, ಮೋಹಿನಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಹೊಲಿಗೆ ನೋಡಿದರು.

ಮರುವರ್ಷ ಅಂಗುಳಿನ ಆಪರೇಷನ್ ಆಯಿತು. ಅದು ಅಷ್ಟು ಚೆನ್ನಾಗಿ ಕೂಡಿಕೊಳ್ಳಲಿಲ್ಲ. ಮೋಹಿನಿಯ ಮಾತು ಮೂಗಿನಲ್ಲಿ ಬರುತ್ತಿತ್ತು, ಕೆಲವು ಅಕ್ಷರಗಳಿಗೆ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಶಾಲೆಗೆ ಸೇರಿದ ವರ್ಷ ಮಕ್ಕಳು ಅಣಕಿಸಿದರು ಎಂದು ಎರಡು ದಿನ ಹೋಗದೆ ಕುಳಿತಳು. ಮೂರನೆಯ ದಿನ ಪೂವಮ್ಮ ಅವಳ ಜೊತೆ ಹೋಗಿ, ಬೆಲ್ ಹೊಡೆಯುವವರೆಗೆ ಶಾಲೆಯ ಜಗಲಿಯಲ್ಲಿ ಕುಳಿತರು. ಆಮೇಲೆ ಒಬ್ಬಳೇ ಹೋಗತೊಡಗಿದಳು.

ರಜೆಯ ದಿನಗಳಲ್ಲಿ ಅವಳು ಮಿಲ್ಲಿನಲ್ಲಿ ಇರುತ್ತಿದ್ದಳು. ಯಾರ ಭತ್ತ ಆಯಿತೋ ಅವರ ಹೆಸರು ಕೂಗುವುದು ಅವಳ ಕೆಲಸ. ಇಂಜಿನಿನ ಸದ್ದು ಮೀರಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ಹೊಸಬರಿಗೆ ತಿಳಿಯುತ್ತಿರಲಿಲ್ಲ, ಹತ್ತಿರ ಬಂದು "ಎಂತ ಹೇಳಿದ್ದು ಮಗಾ?" ಎನ್ನುತ್ತಿದ್ದರು. ಮೋಹಿನಿ ಬೇಸರ ಮಾಡಿಕೊಳ್ಳದೆ, ಅವರ ಚೀಲದ ಕಡೆ ಬೆರಳು ತೋರಿಸಿ, ಹೆಸರನ್ನು ಮತ್ತೊಮ್ಮೆ ಬಿಡಿಬಿಡಿಯಾಗಿ ಹೇಳುತ್ತಿದ್ದಳು.