ಹೊಳೆ ದಂಡೆಯಲ್ಲಿ ಎರಡು ಪುಸ್ತಕ

ಎಮ್ಮೆಸ್ಸಿಯ ಘನಸ್ಥಿತಿ ಭೌತಶಾಸ್ತ್ರಕ್ಕೆಂದು ಉಮಾಮಹೇಶ್ವರಿ ಮೇಡಂ ತಮ್ಮ ಕಪಾಟಿನಿಂದ ನನಗೆ ಎರಡು ಪುಸ್ತಕ ಕೊಟ್ಟಿದ್ದರು. ಸೋಮವಾರ ಒಂದನ್ನು ವಾಪಸ್ ಕೊಡಬೇಕು, ಇನ್ನೊಂದು ವರ್ಷವಿಡೀ ನನ್ನದು. ತೆಳ್ಳನೆಯದು ಪ್ರಶ್ನೋತ್ತರದ್ದು, ಓದಿದರೆ ಪಾಸಾಗಿ ಬಿ.ಎಡ್. ಸೇರಬಹುದು. ದಪ್ಪನೆಯದು ಸಂಶೋಧನೆ ಮಾಡುವವರಿಗೆ. ನನಗೆ ಬೇಕಿದ್ದದ್ದು ಸಂಶೋಧನೆಯೇ. ಆದರೆ ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಆರು ತೆಗೆದವಳು ಅದನ್ನು ಯಾವ ಬಾಯಲ್ಲಿ ಹೇಳಲಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾಳೆ ಕಡರನಾಯಕನಹಳ್ಳಿಯ ನಮ್ಮವ್ವ.

ಶನಿವಾರ ಮೇಡಂ ಮೆಸೇಜು ಬಂತು. ನಾವೆಲ್ಲ ಮಾಡುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಬಿಂದು, ಹೊಳೆ ಹತ್ರ ಬಂದು ಎರಡೂ ಓದಿ ನೋಡು, ಆಮೇಲೆ ಆರಿಸು."

ಮೇಡಂ ಮನೆ ಇರುವುದು ಹೊಳೆ ದಂಡೆಯ ಹರಿಹರದಲ್ಲಿ. ಭಾನುವಾರ ಬೆಳಿಗ್ಗೆ ನಿಟ್ಟುವಳ್ಳಿಯ ನನ್ನ ಬಾಡಿಗೆ ರೂಮಿನಿಂದ ಹೊರಟು ಬಸ್ಸು ಹತ್ತಿದೆ. ಹೊಳೆಯ ಮೆಟ್ಟಿಲ ಮೇಲೆ ಕೂತಾಗ ನೀರಿನ ಮೇಲೆ ಇನ್ನೂ ಮಂಜಿತ್ತು. ಎದುರು ದಡ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಟ್ಟೆ ಒಗೆಯುವ ಸದ್ದು ಯಾವುದೋ ಬೇರೆ ಊರಿನಿಂದ ಬಂದಂತಿತ್ತು. ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು, ಎಷ್ಟು ಸುಖ ಅನ್ನಿಸಿತೆಂದರೆ ಓದುವುದೇ ಮರೆತುಹೋಯಿತು.

ಹತ್ತಾದರೂ ಮೇಡಂ ಪತ್ತೆಯಿಲ್ಲ. ಫೋನ್ ಮಾಡಿದೆ.

"ಮೇಡಂ, ಹೊಳೆ ಹತ್ರ ಬಂದೀನ್ರಿ. ಎಲ್ಲಿದೀರಿ?"

"ಯಾವ ಹೊಳೆ?" ಆಮೇಲೆ ಆ ಕಡೆ ಜೋರು ನಗು. "ಅಯ್ಯೋ ಹುಚ್ಚಿ, ಹೊಳೆ ಅಲ್ಲ, ಹೋಲ್! ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ. ಆ ಪಾಠದ ಹತ್ರ ಬಂದು ಓದು ಅಂದೆ."

ನಗಬೇಕಿತ್ತು, ಅಳು ಬಂತು. ಇಂಗ್ಲಿಷಿನ hole ಎಂಬ ನಾಲ್ಕಕ್ಷರದ ಪದ ನೆಟ್ಟಗೆ ಓದಲಾರದವಳಿಗೆ ಎಂಟುನೂರು ಪುಟದ ಚಪಲ ಬೇರೆ! ದಪ್ಪ ಪುಸ್ತಕವನ್ನು ಚೀಲಕ್ಕೆ ತುರುಕಿ ತೆಳ್ಳನೆಯದರಲ್ಲಿ ಆ ಪಾಠ ತೆಗೆದೆ. 'ಹೋಲ್ ಎಲೆಕ್ಟ್ರಾನಿಗೆ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತದೆ. ನೆನಪಿಡಿ.' ಖಾಲಿ ಜಾಗ ಚಲಿಸುವುದೆಂದರೇನು? ಕೇಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿತ್ತು.

ಬಿಸಿಲೇರಿತು. ಮೆಟ್ಟಿಲ ಮೇಲೆ ಐದಾರು ಹೆಂಗಸರು ಬಟ್ಟೆ ಒಣಗುವುದನ್ನು ಕಾಯುತ್ತ ಸಾಲಾಗಿ ಕೂತಿದ್ದರು. ನೆರಳಿದ್ದ ಆ ತುದಿಯಿಂದ ಒಬ್ಬಳು ಎದ್ದುಹೋದಳು. ಪಕ್ಕದವಳು ಆ ಜಾಗಕ್ಕೆ ಸರಿದಳು, ಅವಳ ಜಾಗಕ್ಕೆ ಮತ್ತೊಬ್ಬಳು. ಕೊನೆಗೆ ನನ್ನ ಮಗ್ಗುಲಲ್ಲಿದ್ದ ಮುದುಕಿಯೂ ಸರಿದು, ತಾನು ಕೂತಿದ್ದ ಕಲ್ಲನ್ನು ಕೈಯಿಂದ ತಟ್ಟಿದಳು.

"ಇಲ್ಲಿ ಜಾಗ ಐತೆ, ಬಾ ತಂಗಿ. ಬಿಸಿಲಾಗ ಯಾಕ ಕುಂತಿ?"

ನಾನು ಏಳಲಿಲ್ಲ, ನೋಡುತ್ತಲೇ ಇದ್ದೆ. ಹೆಂಗಸರು ನೆರಳಿನ ಕಡೆ ಹೋಗಿದ್ದರು. ಖಾಲಿ ಜಾಗ ಮಾತ್ರ ಅವರಿಗೆ ವಿರುದ್ಧವಾಗಿ, ಒಬ್ಬೊಬ್ಬರನ್ನೇ ದಾಟಿ, ನನ್ನ ತನಕ ನಡೆದು ಬಂದಿತ್ತು.

ದಪ್ಪ ಪುಸ್ತಕ ಮತ್ತೆ ಹೊರತೆಗೆದೆ. ಅಲ್ಲಿ ಅದೇ ಮಾತು ಮೂರು ಪುಟ, ಆತುರವಿಲ್ಲದೆ, ಯಾಕೆ ಎಂಬುದನ್ನೇ ಹಿಡಿದುಕೊಂಡು. ಎಲ್ಲ ತಿಳಿಯಿತು ಅಂದರೆ ಸುಳ್ಳಾದೀತು. ತಿಳಿಯದ ಕಡೆ ಹೆದರಿಕೆಯಾಗಲಿಲ್ಲ, ಅಷ್ಟೇ. ಮಧ್ಯಾಹ್ನದವರೆಗೂ ಅಲ್ಲೇ ಕೂತು ಓದಿದೆ.

ಸೋಮವಾರ ತೆಳ್ಳನೆಯದನ್ನು ಮೇಡಂ ಟೇಬಲ್ ಮೇಲಿಟ್ಟೆ. "ಇದು ಬ್ಯಾಡ್ರಿ ಮೇಡಂ. ಯಾಕ ಅಂತ ಕೇಳಾಕೇ ಬಿಡಲ್ಲ."

ಮೇಡಂ ನಗಲಿಲ್ಲ. ಪುಸ್ತಕದ ರಟ್ಟನ್ನು ಬೆರಳಿನಿಂದ ಸವರಿದರು.

"ಎಮ್ಮೆಸ್ಸಿಯಾಗ ನನ್ನ ಹತ್ರನೂ ಇವೆರಡೇ ಇದ್ವು ಬಿಂದು. ನಾನು ಓದಿದ್ದು ಇದೊಂದನ್ನೇ. ಆ ದಪ್ಪಂದನ್ನ ಹೆದರಿ ಮುಟ್ಟಲಿಲ್ಲ," ಎಂದರು. "ನೀನು ಓದಿದಂಗೆಲ್ಲ ನನಗೂ ಹೇಳಿಕೊಡ್ತೀಯಾ?"